ನೋಡದ ದ್ವೀಪಕ್ಕೆ ದಾರಿ ಹೇಳುವ ಸ್ಪ್ಯಾನರಕ್ಕ

ಬೆಳಗಿನ ಐದೂಕಾಲು. ನೆಲಮಾಳಿಗೆಯ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಮೊಣಕಾಲೂರಿ ಕೂತ ಹೆಂಗಸೊಬ್ಬರು ಹಳೆಯ ಬನಿಯನ್ನಿನ ತುಂಡಿನಿಂದ ಸೈಕಲ್ ಪೆಡಲಿನ ತಿರುಪನ್ನು ಒರೆಸುತ್ತಿದ್ದಾರೆ. ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಾರೆ. ಕಿರುಬೆರಳಿನಲ್ಲಿ ಚೂರೇ ಚೂರು ಗ್ರೀಸು ತೆಗೆದು ತಿರುಪಿಗೆ ಸವರಿ, ಕಾಗದದಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕಿಡುತ್ತಾರೆ. ಕಪಾಟಿನ ಮೇಲೆ ರೇಡಿಯೊ ಇದೆ, ಹಾಕಿಲ್ಲ. ಎರಡನೇ ಪೆಡಲನ್ನೂ ಹಾಗೇ ಸುತ್ತಿಟ್ಟ ಮೇಲಷ್ಟೇ ಅವರು ತಲೆಯೆತ್ತುವುದು.

ಹೊರಗೆ ರಸ್ತೆಯ ಮೇಲೆ ಹಿಮ ಗಾಜಿನ ಹಾಗೆ ಗಟ್ಟಿಯಾಗಿದೆ. ಒಳಗೆ ಗೋಡೆಗಾತು ಹದಿನೇಳು ಉದ್ದನೆಯ ರಟ್ಟಿನ ಪೆಟ್ಟಿಗೆಗಳು ನಿಂತಿವೆ. ಹದಿನೆಂಟನೆಯದು ಬಾಯ್ದೆರೆದು ಕಾಯುತ್ತಿದೆ. ಹತ್ತು ಗಂಟೆಗೆ ಬಸ್ಸು, ಮಧ್ಯಾಹ್ನ ವಿಮಾನ. ನಾಳೆ ಇಷ್ಟು ಹೊತ್ತಿಗೆ ಈ ಸೈಕಲ್ಲುಗಳೆಲ್ಲ ಬಿಸಿಲಿರುವ ಒಂದು ದ್ವೀಪದಲ್ಲಿರುತ್ತವೆ.

ಇದು ಊರಿನ ಸೈಕಲ್ ಕ್ಲಬ್ಬಿನ ರಿಪೇರಿ ಕೋಣೆ. ಚಳಿಗಾಲದ ಮೂರು ತಿಂಗಳು ಇಲ್ಲಿನ ರಸ್ತೆಗಳಲ್ಲಿ ಸೈಕಲ್ ಓಡಿಸುವುದೆಂದರೆ ಮೂಳೆಯ ಮೇಲಿನ ಆಸೆ ಬಿಟ್ಟಂತೆ. ಸವಾರರೆಲ್ಲ ಪಕ್ಕದ ಹಾಲಿನಲ್ಲಿ ಉರುಳೆಗಳ ಮೇಲೆ ಸೈಕಲ್ ಇಟ್ಟುಕೊಂಡು ಗಾಣದೆತ್ತಿನಂತೆ ನಿಂತಲ್ಲೇ ತುಳಿಯುತ್ತಾರೆ. ಹಾಗೆ ತುಳಿದ ಕಾಲಿಗೆ ಏರು ಗೊತ್ತಿಲ್ಲ, ಎದುರುಗಾಳಿ ಗೊತ್ತಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಹದಿನೆಂಟು ಜನ ಎರಡು ವಾರ ಆ ಬೆಚ್ಚನೆಯ ದ್ವೀಪಕ್ಕೆ ಹೋಗಿ ಅಭ್ಯಾಸ ಮಾಡಿ ಬರುತ್ತಾರೆ. ಅವರ ಸೈಕಲ್ಲುಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವವರು ಸ್ಪ್ಯಾನರಕ್ಕ. ಅವರ ಹೆಸರು ಸಂಬಳದ ಚೀಟಿಯಲ್ಲಿದೆ. ಕೇಳಿದರೆ ಕಾರ್ಯದರ್ಶಿಗಳೂ ಚೀಟಿ ಹುಡುಕಿಯೇ ಹೇಳಬೇಕು.

ಹನ್ನೊಂದು ವರ್ಷದಲ್ಲಿ ಸುಮಾರು ಇನ್ನೂರು ಪೆಟ್ಟಿಗೆ. ಒಂದು ಸೈಕಲ್ಲಿಗೆ ಮೂವತ್ತೈದು ನಿಮಿಷ. ಪೆಟ್ಟಿಗೆಯ ತೂಕ ಹತ್ತೊಂಬತ್ತೂವರೆ ಕಿಲೋ ದಾಟುವುದಿಲ್ಲ. ದಾರಿಯಲ್ಲಿ ಮುರಿದದ್ದು ಇಷ್ಟು ವರ್ಷದಲ್ಲಿ ಒಂದೇ, ಗೇರು ನೇತುಹಾಕುವ ಒಂದು ಕೊಂಡಿ. ಪೆಟ್ಟಿಗೆ ಮುಚ್ಚಿದ ಮೇಲೆ ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ, ಕಿವಿಗೊಟ್ಟು ಕೇಳುತ್ತಾರೆ. ಒಳಗೆ ಇಲಿ ಕೆರೆದಷ್ಟು ಸದ್ದಾದರೂ ಟೇಪು ಕಿತ್ತು ಮೊದಲಿನಿಂದ ಶುರು. "ಅಲುಗಾಡದೇ ಇರೋದು ಒಡೆಯಲ್ಲ. ಇಷ್ಟೇ ವಿದ್ಯೆ. ಮಿಕ್ಕಿದ್ದೆಲ್ಲ ಟೇಪು," ಎನ್ನುತ್ತಾರೆ.

ಆ ವಿದ್ಯೆ ಕಲಿತದ್ದು ಗಾಜಿನ ಲೋಟದ ಕಾರ್ಖಾನೆಯಲ್ಲಿ. ಅಲ್ಲಿ ಏಳು ವರ್ಷ ಪ್ಯಾಕಿಂಗ್ ವಿಭಾಗದಲ್ಲಿ ನಿಂತು ಕೆಲಸ ಮಾಡಿದ್ದಾರೆ. ಸ್ಪ್ಯಾನರ್ ಹಿಡಿದದ್ದು ಅದಕ್ಕೂ ಮೊದಲು, ಒಂಬತ್ತನೇ ವಯಸ್ಸಿಗೆ, ಬಸ್‌ಸ್ಟಾಪಿನ ಪಕ್ಕ ಇದ್ದ ಅಪ್ಪನ ಸೈಕಲ್ ಅಂಗಡಿಯಲ್ಲಿ. ರಸ್ತೆ ಅಗಲವಾದಾಗ ಅಂಗಡಿ ಹೋಯಿತು. ಬೀಗ ಬಿದ್ದಾಗ ಕಾರ್ಖಾನೆಯೂ ಹೋಯಿತು. ಕೊನೆಗೆ ಈ ಕ್ಲಬ್ಬಿಗೆ ಹಾಲ್ ಗುಡಿಸುವ ಕೆಲಸಕ್ಕೆ ಬಂದರು. ಬಂದ ಎರಡನೇ ವಾರ ತರಬೇತುದಾರರು ಒಂದು ಎಡ ಪೆಡಲಿನ ಜೊತೆ ಕುಸ್ತಿಗೆ ಬಿದ್ದಿದ್ದರು. ಮುಖ ಕೆಂಪಾಗಿ, ಬೆವರು ಇಳಿಯುತ್ತಿತ್ತು. ಅಕ್ಕ ಪೊರಕೆ ಗೋಡೆಗೆ ಒರಗಿಸಿ, "ಸಾರ್, ನೀವು ಬಿಚ್ತಾ ಇಲ್ಲ, ಬಿಗಿ ಮಾಡ್ತಾ ಇದ್ದೀರ," ಎಂದರು. ಅಂದಿನಿಂದ ಪೊರಕೆಯ ಜೊತೆ ಸ್ಪ್ಯಾನರೂ ಅವರ ಕೈಗೆ ಬಂತು.

"ಎಡ ಪೆಡಲಿನ ತಿರುಪು ಉಲ್ಟಾ ಅಂತ ನನಗೆ ಗೊತ್ತಿಲ್ಲ ಅಂತಲ್ಲ," ಎಂದು ತರಬೇತುದಾರರು ಈಗಲೂ ವಾದಿಸುತ್ತಾರೆ. ಸವಾರರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಾರೆ. "ಆವತ್ತು ಮರೆತಿದ್ದೆ."

"ಹೌದು ಮೇಷ್ಟ್ರೇ, ಆವತ್ತು ಮಾತ್ರ," ಎನ್ನುತ್ತಾರೆ ಅಕ್ಕ, ಮುಖದಲ್ಲಿ ನಗು ಕಾಣಿಸದಂತೆ.

ಅಕ್ಕನಿಗೆ ಈಗ ಐವತ್ತೆರಡು ವಯಸ್ಸು. ಚಳಿಗೂ ಎಣ್ಣೆ ತೆಗೆಯುವ ದ್ರಾವಣಕ್ಕೂ ಬೆರಳ ತುದಿಗಳು ಒಡೆದಿವೆ. ಬಲ ಮಣಿಕಟ್ಟಿಗೆ ಪಟ್ಟಿ. ಯಜಮಾನರು ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ನಾಲ್ಕೂ ಐವತ್ತರ ಮೊದಲ ಬಸ್ಸು ಅವರದೇ. ಅಕ್ಕ ಅದರಲ್ಲೇ ಬರುತ್ತಾರೆ. "ಎಷ್ಟೋ ದಿನ ಇಡೀ ಬಸ್ಸಲ್ಲಿ ನಾನೊಬ್ಬಳೇ. ನಮ್ಮನೆಯವರು ನನಗೆ ಕಾರ್ ತಗೊಂಡಿದ್ದಾರೆ ಅಂದ್ಕೊಂಡು ಕೂತ್ಕೋತೀನಿ. ಸ್ವಲ್ಪ ದೊಡ್ಡ ಕಾರು, ಅಷ್ಟೇ."

ಹದಿನೆಂಟನೆಯ ಸೈಕಲ್ಲನ್ನು ಅವರು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಾರೆ. ಅದು ಗಿರಗಿಟ್ಲೆಯದು. ಕಾಲು ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗುತ್ತದೆಂದು ಆ ಹುಡುಗಿಗೆ ಕ್ಲಬ್ಬಿನವರು ಇಟ್ಟ ಹೆಸರು. ದ್ವೀಪದಿಂದ ಮರಳಿದ ಮೂರನೇ ವಾರಕ್ಕೆ ದೊಡ್ಡ ರೇಸುಗಳಿಗೆ ಹೋಗುವ ತಂಡದ ಆಯ್ಕೆ ಇದೆ, ನಾಲ್ಕು ವರ್ಷಕ್ಕೊಮ್ಮೆ ಮಾತ್ರ ನಡೆಯುವುದು. ಇಪ್ಪತ್ತೇಳು ದಾಟಿದವರನ್ನು ಆ ತಂಡಕ್ಕೆ ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಅವಳಿಗೆ ಬರುವ ಬೇಸಿಗೆಗೆ ಇಪ್ಪತ್ತೇಳು ತುಂಬುತ್ತದೆ. ಇದೇ ಕೊನೆಯ ಸಲ.

ನಾಲ್ಕು ವರ್ಷದ ಹಿಂದೆ ಅವಳು ಆಯ್ಕೆಯಾಗಬೇಕಿತ್ತು. ಆಗಲಿಲ್ಲ. ಯಾಕೆ ಎಂದು ಅಕ್ಕನೇ ಹೇಳುತ್ತಾರೆ, ಯಾರೂ ಕೇಳದಿದ್ದರೂ.

ಪೆಟ್ಟಿಗೆಗೆ ತುಂಬುವಾಗ ಸೀಟನ್ನು ಕಂಬದ ಸಮೇತ ಹೊರಗೆ ತೆಗೆಯಬೇಕು. ತೆಗೆಯುವ ಮೊದಲು ಅದರ ಎತ್ತರಕ್ಕೆ ಟೇಪಿನ ಗುರುತು ಹಾಕುತ್ತಾರೆ. ಅಲ್ಲಿಗೆ ಹೋದವರು ಆ ಗುರುತಿಗೇ ಮತ್ತೆ ಕೂರಿಸುತ್ತಾರೆ. ಆ ವರ್ಷವೂ ಅಕ್ಕ ಕೂದಲೆಳೆಯಷ್ಟು ಸರಿಯಾಗಿ ಗುರುತು ಹಾಕಿದ್ದರು. ಆದರೆ ಗಿರಗಿಟ್ಲೆ ಇಲ್ಲಿ ಸೀಟಿನ ಎತ್ತರ ಹೊಂದಿಸಿಕೊಂಡದ್ದು ಚಳಿಗಾಲದ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು. ದ್ವೀಪದ ಬಿಸಿಲಿನಲ್ಲಿ ಹಾಕಿದ್ದು ತೆಳು ಬೂಟು. ವ್ಯತ್ಯಾಸ ಐದು ಮಿಲಿಮೀಟರ್. ಪ್ರತಿ ತುಳಿತಕ್ಕೂ ಕಾಲು ಐದು ಮಿಲಿಮೀಟರ್ ಹೆಚ್ಚು ಚಾಚಬೇಕಾಯಿತು. ಮೂರನೇ ದಿನಕ್ಕೆ ಮಂಡಿಯ ಹಿಂದೆ ನೋವು. ಉಳಿದ ಹನ್ನೊಂದು ದಿನ ಅವಳು ಹೋಟೆಲಿನ ಜಗಲಿಯಲ್ಲಿ ಕೂತು ಸಮುದ್ರ ನೋಡಿದಳು.

ಕಾರಣ ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಅತಿ ಅಭ್ಯಾಸ ಎಂದರು. ತಿಂಗಳಾದ ಮೇಲೆ ಹಾಲ್ ಗುಡಿಸುವಾಗ ಬೆಂಚಿನ ಕೆಳಗೆ ಅವಳ ಎರಡು ಜೊತೆ ಬೂಟು ಪಕ್ಕಪಕ್ಕ ಇದ್ದದ್ದು ಅಕ್ಕನ ಕಣ್ಣಿಗೆ ಬಿತ್ತು. ಎತ್ತಿ ಅಟ್ಟೆಗೆ ಅಟ್ಟೆ ಹಿಡಿದು ನೋಡಿದರು. "ಒಂದರ ಅಟ್ಟೆ ಐದು ಮಿಲಿಮೀಟರ್ ಜಾಸ್ತಿ. ಸುಮ್ಮನಿದ್ದಿದ್ರೆ ನಡೀತಿತ್ತು. ಆದ್ರೆ ಗುರುತು ಹಾಕಿದ ಕೈ ನಂದೇ ಅಲ್ವಾ." ಮರುದಿನ ಎರಡು ಬೂಟು, ಒಂದು ಅಳತೆಪಟ್ಟಿ ಹಿಡಿದುಕೊಂಡು ಅವಳ ಮನೆಗೇ ಹೋಗಿ ಹೇಳಿಬಂದರು.

ಗಿರಗಿಟ್ಲೆಗೆ ಆ ದಿನ ಚೆನ್ನಾಗಿ ನೆನಪಿದೆ. "ತಪ್ಪು ಅವರೊಬ್ಬರದ್ದೇ ಅಲ್ಲ. ಅಲ್ಲಿ ನಾನೇ ಐದು ಸಲ ಸೀಟು ನೋಡಿದ್ದೆ. ಗುರುತು ಇದ್ದಲ್ಲೇ ಇತ್ತು. ನನ್ನ ಮಂಡಿ ಬೇಡ ಬೇಡ ಅಂತಿತ್ತು, ಆದ್ರೆ ನನಗೆ ನನ್ನ ಮಂಡಿಗಿಂತ ಅಕ್ಕನ ಗುರುತಿನ ಮೇಲೇ ನಂಬಿಕೆ."

ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು ಎನ್ನುತ್ತಾರೆ ಅಕ್ಕ. ಅಂದಿನಿಂದ ಪ್ರತಿ ಸೀಟಿನ ಕಂಬಕ್ಕೂ ಎರಡು ಗುರುತು: ಚಳಿಗೆ ಕೆಂಪು, ಬಿಸಿಲಿಗೆ ನೀಲಿ. ನೀಲಿ ಗುರುತಿಗಾಗಿ ಸವಾರರು ಹಿಮದಲ್ಲಿ ಬೇಸಿಗೆಯ ಬೂಟು ಚೀಲದಲ್ಲಿ ಹಾಕಿಕೊಂಡು ಬರಬೇಕು. ತರದೆ ಬಂದವರು ವಾಪಸ್ಸು ಹೋಗಬೇಕು, ಮೇಷ್ಟ್ರಾದರೂ ಸರಿ.

ಆಮೇಲೆ ಅಕ್ಕ ಮರಳಿ ಬಂದ ಸೈಕಲ್ಲುಗಳನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದರು. ತೊಳೆಯುವ ಮೊದಲು ಪ್ರತಿಯೊಂದನ್ನೂ ಸ್ಟ್ಯಾಂಡಿಗೆ ಹಾಕಿ ಸುತ್ತು ಬಂದು ನೋಡುತ್ತಾರೆ. ಸವಾರರಿಗೆ ಎರಡು ಪ್ರಶ್ನೆ: ಎಷ್ಟನೇ ದಿನ ನೋವು ಬಂತು? ಎಲ್ಲಿ ಸೈಕಲ್ಲಿಂದ ಇಳಿಯಬೇಕು ಅನ್ನಿಸಿತು? ಉತ್ತರಗಳನ್ನು ಹಳೆಯ ಪೆಟ್ಟಿಗೆಯ ರಟ್ಟಿನ ಮೇಲೆ ಬರೆಯುತ್ತಾರೆ. ಆ ರಟ್ಟಿನ ಮೇಲೆ ದ್ವೀಪದ ಚಿತ್ರವೂ ಇದೆ, ಗೋಡಂಬಿಯ ಆಕಾರ, ನಡುವೆ ಒಂದು ಗುಡ್ಡ. ಅಕ್ಕ ಆ ದ್ವೀಪವನ್ನು ನೋಡಿಲ್ಲ. ವಿಮಾನವನ್ನೂ ಕೆಳಗಿನಿಂದ ನೋಡಿದ್ದಷ್ಟೇ.

"ನಮ್ಮನೆಯವಳು ಸಂತೆಗೆ ಹೋದ್ರೆ ದಾರಿ ತಪ್ತಾಳೆ," ಎಂದು ಯಜಮಾನರು ಛೇಡಿಸುತ್ತಾರೆ, "ದ್ವೀಪದ ರಸ್ತೆಗೆ ಮಾತ್ರ ಇವಳೇ ಇಂಜಿನಿಯರು."

ರಟ್ಟು ನೋಡುತ್ತ ನೋಡುತ್ತ ಅಕ್ಕನಿಗೆ ಎರಡು ವಿಷಯ ಕಾಣಿಸಿತು. ಹೆಚ್ಚು ಕಡಿಮೆ ಎಲ್ಲರೂ ಹೇಳಿದ್ದು ಮೂರನೇ ದಿನ. "ಮೂರನೇ ದಿನ ನೋವು ಬಂದ್ರೆ ತಪ್ಪು ಮೊದಲನೇ ದಿನದ್ದು. ಚಳಿಯಿಂದ ಬಿಡಿಸ್ಕೊಂಡು ಹೋದವರು ಬಿಸಿಲು ನೋಡಿದ ಕೂಡ್ಲೇ ಹಗ್ಗ ಬಿಚ್ಚಿದ ಕರುಗಳ ಹಾಗೆ ಗುಡ್ಡ ಹತ್ತಿಬಿಡ್ತಾರೆ." ಎರಡನೆಯದು ಉಪ್ಪು. ಪ್ರತಿ ಸೈಕಲ್ಲಿನ ಎಡ ಮಗ್ಗುಲಿನ ಬೋಲ್ಟುಗಳಿಗೆ ಉಪ್ಪು ಹಿಡಿದಿರುತ್ತದೆ, ಬಲಗಡೆ ಅಷ್ಟಿಲ್ಲ. ಹಾಗಾದರೆ ಇವರು ಯಾವಾಗಲೂ ಸಮುದ್ರವನ್ನು ಎಡಕ್ಕಿಟ್ಟುಕೊಂಡೇ ದ್ವೀಪ ಸುತ್ತುತ್ತಾರೆ. ಸವಾರರೆಲ್ಲ ಇಳಿಯಬೇಕೆನ್ನಿಸಿತು ಎಂದದ್ದು ಕೊನೆಯ ಒಂದು ಗಂಟೆ, ಎದುರುಗಾಳಿಯಲ್ಲಿ. ಸುತ್ತುವ ದಿಕ್ಕು ಬದಲಿಸಿದರೆ, ಕಾಲು ಸೋತಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ.

ಈ ಸಲದ ಪ್ರವಾಸದ ಯೋಜನೆಗೆಂದು ಕರೆದ ಸಭೆಯಲ್ಲಿ ಅಕ್ಕ ರಟ್ಟು ಹಿಡಿದು ಬಾಗಿಲ ಬಳಿ ನಿಂತಿದ್ದರು. ಎಲ್ಲರ ಮಾತು ಮುಗಿದ ಮೇಲೆ ಮುಂದೆ ಬಂದು ಹೇಳಿದರು. ಮೊದಲ ದಿನ ನಲವತ್ತೇ ಕಿಲೋಮೀಟರ್, ಅದೂ ಸಮತಟ್ಟಿನಲ್ಲಿ. ಗುಡ್ಡ ಐದನೇ ದಿನಕ್ಕೆ. ಸಮುದ್ರ ಬಲಕ್ಕೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹನ್ನೊಂದು ವರ್ಷವೂ ಹೋಗಿಬಂದಿದ್ದ ಹಲ್ಲಿನ ಡಾಕ್ಟರೊಬ್ಬರು, "ಅಕ್ಕಾ, ಮೊದಲು ದ್ವೀಪ ನೋಡ್ಕೊಂಡು ಬನ್ನಿ, ಆಮೇಲೆ ನಮಗೆ ದಾರಿ ಹೇಳಿ," ಎಂದರು.

ಅಕ್ಕ ರಟ್ಟನ್ನು ಎದೆಗೆ ಹಿಡಿದುಕೊಂಡು, "ನಾನು ದ್ವೀಪದ ಮಾತು ಹೇಳ್ತಿಲ್ಲ ಡಾಕ್ಟ್ರೇ, ನಿಮ್ಮ ಸೈಕಲ್ಲಿನ ಮಾತು ಹೇಳ್ತಿದ್ದೀನಿ. ನೀವು ಬಾಯೊಳಗೆ ಹೋಗಿ ಕೂತು ಹಲ್ಲು ನೋಡ್ತೀರಾ?" ಎಂದರು.

ಈಗ ಇಡೀ ಹಾಲು ನಕ್ಕಿತು, ಡಾಕ್ಟರೂ. ಮೇಷ್ಟ್ರು ಮಾತ್ರ ನಗಲಿಲ್ಲ. ಸಮುದ್ರವನ್ನು ಎಡಕ್ಕೇ ಯಾಕೆ ಇಟ್ಟುಕೊಳ್ಳುತ್ತೇವೆ ಎಂದು ಎಲ್ಲರನ್ನೂ ಕೇಳಿದರು. ಯಾರಿಗೂ ಗೊತ್ತಿಲ್ಲ. ಕೊನೆಗೆ ಮೇಷ್ಟ್ರಿಗೇ ಹೊಳೆಯಿತು: ಮೊದಲ ವರ್ಷ ಹೋಟೆಲಿನ ಗೇಟಿನ ಒಂದು ಕಡೆ ರಸ್ತೆ ಅಗೆದಿದ್ದರು, ಆಗ ಇನ್ನೊಂದು ಕಡೆ ತಿರುಗಿದವರು ಹಾಗೇ ತಿರುಗುತ್ತ ಬಂದಿದ್ದಾರೆ. ಒಬ್ಬ ಹೋದ ದಾರಿಯಲ್ಲಿ ಹನ್ನೊಂದು ವರ್ಷ. ಮೇಷ್ಟ್ರು ಮನೆಗೆ ಹೋಗಿ ತಮ್ಮ ಹಳೆಯ ಸಮಯದ ಪಟ್ಟಿಗಳನ್ನೆಲ್ಲ ತೆಗೆದು ನೋಡಿದರು. ಮೂರು ದಿನ ಬಿಟ್ಟು ಬಂದು ಅಕ್ಕನಿಗೆ ಹೇಳಿದ್ದು ಇಷ್ಟು: "ಬರೆದುಕೊಡಿ. ನಿಮ್ಮ ಅಕ್ಷರದಲ್ಲೇ ಇರಲಿ."

ಹೀಗೆ ಈ ವರ್ಷದ ಹದಿನಾಲ್ಕು ದಿನಗಳ ಯೋಜನೆ ಅಕ್ಕನ ದುಂಡನೆಯ ಅಕ್ಷರದಲ್ಲಿ ಕ್ಲಬ್ಬಿನ ಗೋಡೆಯ ಮೇಲಿದೆ. ಕೆಳಗೆ ಮೇಷ್ಟ್ರ ಸಹಿ. ಒಂದೊಂದು ನಕಲು ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೂ ಅಂಟಿದೆ. ಅದನ್ನು ತೋರಿಸುವಾಗ ಅಕ್ಕ ಕೈಯನ್ನು ಎರಡು ಸಲ ಸೀರೆಗೆ ಒರೆಸಿಕೊಳ್ಳುತ್ತಾರೆ. "ಅಪ್ಪನ ಅಂಗಡಿಗೆ ಒಂದು ಬೋರ್ಡ್ ಬರೆಸೋಕೂ ಆಗಿರ್ಲಿಲ್ಲ," ಎನ್ನುತ್ತಾರೆ. ಜೊತೆಗೇ, "ಸರಿಹೋದ್ರೆ ಸರಿ. ತಪ್ಪಿದ್ರೆ ಆ ಹುಡುಗಿಗೆ ಇನ್ನೊಂದು ವರ್ಷ ಇಲ್ಲ. ನಾನು ಎರಡನೇ ಸಲ ಅವಳ ಮನೆ ಬಾಗಿಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಏಳು ಗಂಟೆಯ ಹೊತ್ತಿಗೆ ಗಿರಗಿಟ್ಲೆ ಬರುತ್ತಾಳೆ. ಬೂಟಿನ ಚೀಲ ನೆಲಕ್ಕಿಟ್ಟು, ತೆಳು ಬೂಟು ಹಾಕಿಕೊಂಡು, ಪೆಡಲಿಲ್ಲದ ಸೈಕಲ್ಲಿನ ಪಕ್ಕ ನಿಲ್ಲುತ್ತಾಳೆ. ನೀಲಿ ಗುರುತು ಹಾಕಿ ಎರಡು ದಿನವಾಗಿದೆ, ಆದರೂ ಅಕ್ಕನಿಗೆ ಇನ್ನೊಮ್ಮೆ ಅಳೆಯಬೇಕು.

"ಮೊನ್ನೆ ಅಳೆದಿದ್ರಲ್ಲ ಅಕ್ಕಾ. ರಾತ್ರೋರಾತ್ರಿ ಉದ್ದ ಬೆಳೀತೀನಾ?"

"ಬೆಳೆದ್ರೂ ಬೆಳೆದೀಯ, ಬಾಯಿ ಬೆಳೆದಿಲ್ವಾ? ನೆಟ್ಟಗೆ ನಿಂತ್ಕೋ."

ಅಳತೆ ಸರಿಯಿದೆ. ಅಕ್ಕ ಸೀಟಿನ ಕಂಬವನ್ನು ಹೊರಗೆಳೆದು ಬಟ್ಟೆ ಸುತ್ತುತ್ತಾರೆ. ಚಕ್ರಗಳು ಚೌಕಟ್ಟಿನ ಎರಡು ಮಗ್ಗುಲಿಗೆ, ಹ್ಯಾಂಡಲ್ ಅಡ್ಡಕ್ಕೆ, ಪೆಡಲುಗಳು ಮೂಲೆಗೆ. ಮುಚ್ಚಿ, ಅಲುಗಾಡಿಸಿ, ಕಿವಿಗೊಡುತ್ತಾರೆ. ಸದ್ದಿಲ್ಲ. ಮೂವತ್ತೈದು ನಿಮಿಷದ ಕೆಲಸಕ್ಕೆ ಈ ಬೆಳಗ್ಗೆ ಎರಡು ಗಂಟೆಗೂ ಹೆಚ್ಚು ಹಿಡಿದಿದೆ. ಅದನ್ನು ಗಿರಗಿಟ್ಲೆಯೂ ಗಮನಿಸುತ್ತಾಳೆ, ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ಎತ್ತುತ್ತಾಳೆ.

ಹತ್ತಕ್ಕೆ ಬಸ್ಸು ಬಂದಾಗ ಮೆಟ್ಟಿಲ ಮೇಲೆಲ್ಲ ಗಲಾಟೆ. ಅಕ್ಕ ಸ್ವೆಟರಿನ ಮೇಲೆ ಯಜಮಾನರ ಹಳೆಯ ಕೋಟು ಹಾಕಿಕೊಂಡು ಹೊರಗೆ ನಿಂತು, ಒಂದೊಂದೇ ಪೆಟ್ಟಿಗೆ ನೆಟ್ಟಗೆ ನಿಲ್ಲುವಂತೆ ಇಡಿಸುತ್ತಾರೆ. ಹಲ್ಲಿನ ಡಾಕ್ಟರು ಹಾದುಹೋಗುತ್ತ, "ಸಮುದ್ರ ಬಲಕ್ಕೆ, ಬಲಕ್ಕೆ," ಎಂದು ಪಾಠ ಒಪ್ಪಿಸುವವರಂತೆ ಹೇಳುತ್ತಾರೆ. ಗಿರಗಿಟ್ಲೆ ಎರಡೂ ಕೈಯಿಂದ ಅಕ್ಕನ ಒಡೆದ ಬೆರಳುಗಳನ್ನು ಒಮ್ಮೆ ಹಿಡಿದು ಬಿಟ್ಟು ಬಸ್ಸು ಹತ್ತುತ್ತಾಳೆ. ಒಳಗೆ ಮೇಷ್ಟ್ರು ಒಬ್ಬರ ಪಾಸ್‌ಪೋರ್ಟ್ ಹುಡುಕುತ್ತಿದ್ದಾರೆ. ಕಿಟಕಿಯ ಸೀಟಿಗೆ ಜಗಳ. ಯಾರೋ ಆಗಲೇ ಹಾಡು ಶುರುಮಾಡಿದ್ದಾರೆ. ಡ್ರೈವರು ಹಾರನ್ ಒತ್ತುತ್ತಾನೆ.

ಮುಚ್ಚಿಕೊಳ್ಳುತ್ತಿರುವ ಬಾಗಿಲ ಹತ್ತಿರ ಹೋಗಿ, ತಮ್ಮ ಮಟ್ಟಿಗೆ ಸ್ವಲ್ಪ ಜೋರಾದ ದನಿಯಲ್ಲೇ, ಯಾರೊಬ್ಬರನ್ನೂ ನೋಡದೆ ಅಕ್ಕ ಹೇಳುತ್ತಾರೆ: "ಐದನೇ ದಿನ ಗುಡ್ಡ ಹತ್ತಿ ಇಳಿದ ಮೇಲೆ, ಅವಳ ಮಂಡಿ ಹೇಗಿದೆ ಅಂತ ಯಾರಾದ್ರೂ ನನಗೊಂದು ಫೋನ್ ಮಾಡಿ."