ಕಿವಿ ಕೇಳದ ನಾಯಿ ಮತ್ತು ತಾಳಗುಂದದ ಮೂಡಗಾಳಿ

ನನ್ನ ನಾಯಿಗೆ ಕಿವಿ ಕೇಳಿಸುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಸೊರಬದ ಒಬ್ಬ ಚಹಾದಂಗಡಿಯವರು. ಬಸ್ ನಿಲ್ದಾಣದ ಹತ್ತಿರ ವ್ಯಾನು ನಿಲ್ಲಿಸಿ ಅವರ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆ. ನಾಯಿ ರಸ್ತೆಯ ಅಂಚಿನಲ್ಲಿ ಬಿಸಿಲು ಕಾಯಿಸುತ್ತ ಮಲಗಿತ್ತು. ಅಡಿಕೆ ಮೂಟೆ ತುಂಬಿದ ಲಾರಿಯೊಂದು ಅದರ ಬೆನ್ನ ಹಿಂದೆಯೇ ಬಂದು ಹಾರ್ನ್ ಹೊಡೆಯಿತು. ಬೆಂಚಿನಲ್ಲಿದ್ದವರೆಲ್ಲ ಬೆಚ್ಚಿದೆವು. ನಾಯಿ ಕಣ್ಣನ್ನೂ ತೆರೆಯಲಿಲ್ಲ. ನಾನು ಓಡಿಹೋಗಿ ಅದನ್ನು ಪಕ್ಕಕ್ಕೆ ಎಳೆದುಕೊಂಡೆ.

"ಎಂತ ಅಮ್ಮಾ, ಅದಕ್ಕೆ ಕಿವಿ ಕೇಳೂದಿಲ್ಲ ಕಾಣ್ತದೆ," ಎಂದರು ಅಂಗಡಿಯವರು. "ನಿನ್ನೆಯಿಂದ ನೋಡ್ತಾ ಇದೀನಿ. ನೀವು ಕರೀತೀರಿ, ಅದು ನಿಮ್ಮ ಕೈ ನೋಡಿ ಬರ್ತದೆ. ಕೂಗಿಗೆ ಅಲ್ಲ."

ಅವತ್ತೇ ಅದನ್ನು ಪಶು ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಅದರ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಸ್ಟೀಲ್ ತಟ್ಟೆ ಬಡಿದರು. ಅದು ನನ್ನ ಮುಖವನ್ನೇ ನೋಡುತ್ತ ಬಾಲ ಆಡಿಸುತ್ತಿತ್ತು. ಹನ್ನೆರಡು ವರ್ಷವಾಯಿತಲ್ಲ, ವಯಸ್ಸಿನದು, ಇದಕ್ಕೆ ಔಷಧಿ ಇಲ್ಲ ಎಂದರು.

ನನಗೆ ದುಃಖಕ್ಕಿಂತ ನಾಚಿಕೆ ಹೆಚ್ಚಾಯಿತು. ಕೇಳುವುದೇ ನನ್ನ ಕಸುಬು. ಯಾರ್ಯಾರದೋ ಸಭೆ, ಸಂದರ್ಶನಗಳ ಧ್ವನಿಮುದ್ರಣ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಯಾರು ಏನು ಹೇಳಿದರೆಂದು ಟೈಪ್ ಮಾಡಿ ಕಳಿಸುತ್ತೇನೆ. ಹತ್ತು ಜನ ಒಟ್ಟಿಗೆ ಮಾತಾಡಿದರೂ ದನಿ ಬಿಡಿಸಬಲ್ಲೆ. ಮಂಚದ ಕೆಳಗೇ ಮಲಗುವ ನಾಯಿಯ ಲೋಕದಿಂದ ಸದ್ದು ಹೊರಟುಹೋದದ್ದು ಮಾತ್ರ ತಿಳಿದಿರಲಿಲ್ಲ.

ನಾವಿಬ್ಬರೂ ವ್ಯಾನಿನಲ್ಲೇ ಬದುಕಲು ಶುರುಮಾಡಿ ಆಗ ಎರಡು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಮಗಳಿಗಾಗಿ ಬಿಡಿಸಿಕೊಂಡರು. ಒಂಟಿ ಹೆಂಗಸು, ಜೊತೆಗೊಂದು ಬೀದಿನಾಯಿ ಎಂದರೆ ಯಾರೂ ಮನೆ ಕೊಡಲಿಲ್ಲ. ಐವತ್ತು ತುಂಬುವ ಹೊತ್ತಿಗೆ ಹಳೆಯದೊಂದು ವ್ಯಾನು ಕೊಂಡು ಸೀಟು ಕೀಳಿಸಿ ಮಂಚ, ಒಲೆ, ನೀರಿನ ಟ್ಯಾಂಕು, ಮೇಲೆ ಸೋಲಾರ್ ಹಲಗೆ ಹಾಕಿಸಿದೆ. ಮೊಬೈಲ್ ಸಿಗ್ನಲ್ ಸಿಕ್ಕಲ್ಲಿ ನಿಲ್ಲುತ್ತಿದ್ದೆವು, ಬೇಸರ ಬಂದಾಗ ಹೊರಡುತ್ತಿದ್ದೆವು.

ಸೊರಬದಿಂದ ಹೊರಟು ಬಳ್ಳಿಗಾವಿಯಲ್ಲಿ ಒಂದು ವಾರ ನಿಂತೆ. ದೇವಸ್ಥಾನದ ಪಕ್ಕದ ಮರದಡಿ ಕೆಲಸ. ಬಿಡುವಾದಾಗ ನಾಯಿಗೂ ನನಗೂ ಪಾಠ. ಕೈ ಎತ್ತಿದರೆ ಬಾ, ಅಂಗೈ ತೋರಿಸಿದರೆ ನಿಲ್ಲು. ವ್ಯಾನಿನ ನೆಲವನ್ನು ಕಾಲಿನಿಂದ ತಟ್ಟಿದರೆ ಆ ಅದುರುವಿಕೆಗೆ ಎದ್ದು ಕೂರುತ್ತಿತ್ತು. ಮೂರೇ ದಿನದಲ್ಲಿ ಕಲಿಯಿತು. ನನಗೆ ಕೂಗುವ ಚಾಳಿ ಬಿಡಲು ಅದಕ್ಕಿಂತ ಹೆಚ್ಚು ದಿನ ಬೇಕಾಯಿತು.

ಅಲ್ಲಿಂದ ತಾಳಗುಂದಕ್ಕೆ ಬಂದೆವು. ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಒಬ್ಬ ರೈತರು ಮೆಕ್ಕೆಜೋಳ ಕೊಯ್ದಿದ್ದ ತಮ್ಮ ಹೊಲದ ಬದಿಯಲ್ಲಿ ವ್ಯಾನು ನಿಲ್ಲಿಸಲು ಒಪ್ಪಿದರು. ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ಬಿಡಾರ ಹೂಡಿತ್ತು. ಮಂದೆಯ ಒಡೆಯ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಬರುವುದು ಸಂಜೆಗೇ. ಮರಿಗಳನ್ನು ಬಲೆಯ ಬೇಲಿಯೊಳಗೆ ಇಟ್ಟುಕೊಂಡು ಅವನ ಹೆಂಡತಿ ಇಡೀ ದಿನ ಬಿಡಾರದಲ್ಲಿರುತ್ತಿದ್ದರು. ಅರವತ್ತು ದಾಟಿದ್ದ ಹೆಂಗಸು, ಎತ್ತರದ ಆಳು. ಮೊದಲ ದಿನವೇ ಬಂದು ವ್ಯಾನಿನೊಳಗೆ ತಲೆ ಹಾಕಿದರು.

"ಇದ್ರಾಗ ಇರ್ತೀರೇನ್ರೀ ಅಮ್ಮಾರೇ, ಯಾವಾಗ್ಲೂ?"

"ಹೌದಕ್ಕಾ. ಬೇರೆ ಮನೆ ಇಲ್ಲ."

ಒಲೆ, ಮಂಚ, ಗೂಟಕ್ಕೆ ನೇತುಹಾಕಿದ ಎರಡು ಪಾತ್ರೆ ಎಲ್ಲವನ್ನೂ ಒಂದೊಂದಾಗಿ ನೋಡಿದರು. "ನಮ್ದೂ ಇಷ್ಟ ಸಾಮಾನು ನೋಡ್ರಿ. ನಿಮ್ಮನಿಗೆ ಗಾಲಿ ಅದಾವು, ನಮಗ ಕಾಲು."

ಸ್ನೇಹ ಅಲ್ಲಿಂದ ಶುರುವಾಯಿತು. ನಾಯಿಯ ಕಿವಿಯ ವಿಷಯವನ್ನೂ ಅವರಿಗೆ ಹೇಳಿದೆ.

ಐದನೆಯ ದಿನ ಮಧ್ಯಾಹ್ನ ತುರ್ತು ಕೆಲಸವಿತ್ತು. ಸೆಕೆಯೆಂದು ಬಾಗಿಲು ಅರ್ಧ ತೆರೆದಿಟ್ಟು ಹೆಡ್‌ಫೋನ್ ಹಾಕಿಕೊಂಡೆ. ಕೆಲಸ ಮುಗಿಸಿ ಕಳಿಸಿ ತಿರುಗಿ ನೋಡಿದರೆ ನಾಯಿಯ ಗೋಣಿತಟ್ಟು ಖಾಲಿ. ಎರಡು ತಾಸು ಕಳೆದಿತ್ತು.

ಹೊರಗಿಳಿದು ಕೂಗಿದೆ. ಕೂಗಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಕೂಗಿದೆ. ಕೆರೆ ಏರಿಯ ಮೇಲೆ ಓಡಿದೆ. ಹಳೆಯ ದೇವಸ್ಥಾನದ ಎದುರಿನ ಶಾಸನದ ಕಂಬದವರೆಗೂ ಹೋಗಿ ಬಂದೆ. ಊರೊಳಗೆ ಕೇಳಿದೆ, ಯಾರೂ ಕಂಡಿರಲಿಲ್ಲ. ಪಡುವಣ ಬದಿಯಲ್ಲಿ ಇನ್ನೂ ಕೊಯ್ಯದ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಅದರೊಳಗೆ ನುಗ್ಗಿದೆ. ಒಣಗಿದ ಗರಿ ಮುಖಕ್ಕೆ ಗೀರಿ ಕಣ್ಣಲ್ಲಿ ನೀರು ಬಂತು. ನಾಲ್ಕು ಮಾರು ದೂರದಲ್ಲಿ ನಾಯಿ ಇದ್ದರೂ ನನಗೆ ಕಾಣುವಂತಿರಲಿಲ್ಲ. ಅದಕ್ಕೆ ನನ್ನ ದನಿ ಕೇಳುವಂತಿರಲಿಲ್ಲ.

ಹೊರಗೆ ಬಂದಾಗ ಕುರಿಗಾರ್ತಿ ಬದುವಿನ ಮೇಲೆ ನಿಂತಿದ್ದರು. ಸುತ್ತಿ ಬಳಸದೆ ಕೇಳಿದರು:

"ನಾಯಿ ಹೋತೇನು ತಂಗಿ?"

ಅಮ್ಮಾರೆ ಹೋಗಿ ತಂಗಿ ಆಗಿದ್ದೆ.

"ಮದ್ಲು ತಿರಗಾಡೋದು ನಿಲ್ಸು. ನೀ ತಿರಗಿದಷ್ಟೂ ನಿನ್ನ ವಾಸ್ನಿ ಹೊಲದ ತುಂಬ ಆಗತೈತಿ. ಅದಕ್ಕ ದಿಕ್ಕ ಸಿಗಾಂಗಿಲ್ಲ."

ವ್ಯಾನಿನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ, ಕಾಲುವೆಯ ಹಸಿ ಮಣ್ಣಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು. ಅಲ್ಲಿ ನನ್ನ ನಾಯಿಯ ಹೆಜ್ಜೆ ಇತ್ತು. ನಾನು ಅದೇ ಕಾಲುವೆಯನ್ನು ನಾಲ್ಕು ಸಲ ದಾಟಿದ್ದೆ. ಹೆಜ್ಜೆ ಪಡುವಣಕ್ಕೆ, ಜೋಳದ ಕಡೆಗೇ ಹೋಗಿತ್ತು. ಅವರು ಸೆರಗಿಗೆ ಅಂಟಿಕೊಂಡಿದ್ದ ಉಣ್ಣೆಯ ಎಳೆಯೊಂದನ್ನು ಕಿತ್ತು, ಬೆರಳ ತುದಿಯಲ್ಲಿ ಹಿಡಿದು ಬಿಟ್ಟರು. ಅದು ಮೆಲ್ಲಗೆ ತೇಲಿಕೊಂಡು ಜೋಳದ ಕಡೆಗೆ ಹೋಯಿತು.

"ಮೂಡಗಾಳಿ. ಛಲೋ ಆತು. ಹಾಸ್ಗೀದು, ನೀ ದಿನಾ ಹೊದಿಯೋದು ಏನರ ತಗೊಂಬಾ. ಒಗ್ದಿದ್ದು ಬ್ಯಾಡ."

ನನ್ನ ಕೌದಿ ತಂದುಕೊಟ್ಟೆ. ಅದನ್ನು ಕೊಡವಿ, ಬದುವಿನ ಮೇಲೆ ಎರಡು ಕೋಲು ನೆಟ್ಟು ಗಾಳಿಗೆ ಅಡ್ಡಲಾಗಿ ಹರಡಿದರು. ಅದರ ಪಕ್ಕದಲ್ಲೇ ನನ್ನನ್ನು ಕೂರಿಸಿದರು. "ಕುಂದ್ರು. ಏಳಬ್ಯಾಡ."

ಕೂರುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಕಾಲು ತಾನಾಗಿಯೇ ಏಳುತ್ತಿತ್ತು. ಎದ್ದಾಗಲೆಲ್ಲ ಅವರು ಮರಿಗಳ ಬಲೆಯ ಹತ್ತಿರದಿಂದಲೇ ಕೈ ತೋರಿಸಿ ಕೂರಿಸುತ್ತಿದ್ದರು.

ಬಿಸಿಲು ಹಳದಿಯಾಗುವ ಹೊತ್ತಿಗೆ ಮಂದೆ ಮರಳಿತು. ಧೂಳಿನ ಮೋಡ ಮೊದಲು, ಆಮೇಲೆ ಕುರಿಗಳ ಕೂಗು. ಬಲೆಯೊಳಗಿನ ಮರಿಗಳು ಒಂದೇ ಸಮನೆ ಅರಚತೊಡಗಿದವು.

"ಅಕ್ಕಾ, ಇಷ್ಟು ಕುರಿ ವಾಸನೆಯಲ್ಲಿ ನನ್ನ ವಾಸನೆ ಅದಕ್ಕೆ ಎಲ್ಲಿ ಸಿಗುತ್ತೆ?"

ಅವರು ಬಲೆಯ ಬಾಗಿಲು ಬಿಚ್ಚಿದರು. "ಇಲ್ಲಿ ನೋಡು."

ನೂರಾರು ಮರಿಗಳು ನೂರಾರು ತಾಯಂದಿರ ನಡುವೆ ಹರಿದವು. ಮರಿಗಳೆಲ್ಲ ಒಂದೇ ಬಣ್ಣ, ಒಂದೇ ಎತ್ತರ. ಕೂಗಿನ ಆ ಗದ್ದಲದಲ್ಲಿ, ದನಿ ಬಿಡಿಸುವ ಕೆಲಸದಲ್ಲೇ ತಲೆ ನರೆಸಿಕೊಂಡ ನನಗೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಲಾಗಲಿಲ್ಲ. ಆದರೆ ಅವುಗಳಿಗೆ ಗೊತ್ತಿತ್ತು. ನನ್ನ ಮುಂದೆಯೇ ಒಂದು ತಾಯಿ ಕೆಚ್ಚಲಿಗೆ ಬಾಯಿ ಹಾಕಿದ ಮರಿಯ ಬಾಲದ ಬುಡ ಮೂಸಿತು, ತಲೆಯಿಂದ ತಳ್ಳಿತು. ಇನ್ನೊಂದನ್ನೂ ತಳ್ಳಿತು. ಮೂರನೆಯದನ್ನು ಮೂಸಿ ಕಾಲು ಅಗಲಿಸಿ ನಿಂತಿತು. ಮರಿ ಮೊಣಕಾಲೂರಿ ಕುಡಿಯತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಇಡೀ ಹೊಲ ಮೌನವಾಯಿತು. ಅಷ್ಟು ಜೀವಗಳು ತಮ್ಮ ತಮ್ಮದನ್ನು ಹುಡುಕಿಕೊಂಡಿದ್ದವು. ಹಾಲು ಚೀಪುವ ಸಣ್ಣ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಾನು ನಾಯಿಯನ್ನೂ ಒಂದು ಕ್ಷಣ ಮರೆತು ನೋಡುತ್ತ ಕೂತೆ.

ಕುರಿಗಾರ್ತಿ ನನ್ನ ಪಕ್ಕದಲ್ಲಿ ಬಂದು ಕೂತು ತಣ್ಣಗೆ ಹೇಳಿದರು, "ಅಲ್ಲಿ."

ಜೋಳದ ಅಂಚಿನಲ್ಲಿ ಕಂದು ಬಣ್ಣದ ತಲೆಯೊಂದು ಹೊರಗೆ ಬಂದಿತ್ತು. ನಾನು ಏಳಲು ಹೋದೆ. ಅವರು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು.

"ಓಡಬ್ಯಾಡ. ನೀ ಇನ್ನೂ ಕಂಡಿಲ್ಲ ಅದಕ್ಕ. ಮೂಗಿನ್ಯಾಗ ದಾರಿ ಓದಾಕತ್ತೈತಿ. ಓದ್ಲಿ ಬಿಡು."

ಅದು ನಿಜಕ್ಕೂ ಓದುತ್ತಿತ್ತು. ಮೂಗನ್ನು ಮೇಲೆತ್ತಿ ಬಲಕ್ಕೆ ಹತ್ತು ಹೆಜ್ಜೆ ಬಂತು. ಏನೋ ಕೈತಪ್ಪಿದಂತೆ ನಿಂತಿತು. ತಿರುಗಿ ಎಡಕ್ಕೆ ನಡೆಯಿತು. ಮತ್ತೆ ನಿಂತಿತು, ಮೂಗಿನ ಹೊಳ್ಳೆ ಅಲುಗಿತು. ಗಾಳಿಯಲ್ಲಿ ಕಾಣದ ಹಗ್ಗವೊಂದನ್ನು ಯಾರೋ ಕಟ್ಟಿದ್ದಾರೆ, ನಾಯಿ ಅದರ ಅಂಚು ಮುಟ್ಟಿ ಮುಟ್ಟಿ ಬರುತ್ತಿದೆ ಎನ್ನುವ ಹಾಗಿತ್ತು. ಕುರಿ, ಹಾಲು, ಗೊಬ್ಬರ, ಬಿಡಾರದ ಒಲೆಯ ಹೊಗೆ ಎಲ್ಲದರ ನಡುವೆ ನನ್ನದೊಂದು ತೆಳ್ಳನೆಯ ಎಳೆ. ಹನ್ನೆರಡು ವರ್ಷ ಜೊತೆಗಿದ್ದ ಪ್ರಾಣಿಗೆ ಹೀಗೊಂದು ವಿದ್ಯೆ ಇದೆಯೆಂದು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಸದ್ದು ಹೋದಾಗ ಅದರ ಲೋಕ ಅರ್ಧವಾಯಿತೆಂದು ಮರುಗಿದ್ದೆ. ನನಗೆ ಪ್ರವೇಶವೇ ಇಲ್ಲದ ದೊಡ್ಡ ಲೋಕವೊಂದು ಅದಕ್ಕೆ ಇದ್ದೇ ಇತ್ತು.

ಕೊನೆಯ ಇಪ್ಪತ್ತು ಮಾರು ಅದು ನೇರವಾಗಿ ಬಂತು. ಮೊದಲು ಕೌದಿ ಮೂಸಿತು. ಆಮೇಲೆ ನನ್ನ ಪಾದ, ಮೊಣಕಾಲು. ಕಟ್ಟಕಡೆಗೆ ತಲೆ ಎತ್ತಿ ಮುಖ ನೋಡಿ ಇಡೀ ಮೈ ಅಲುಗುವಂತೆ ಬಾಲ ಆಡಿಸಿತು. ಅದರ ಕುತ್ತಿಗೆಯಲ್ಲಿ ಮುಖವಿಟ್ಟು ಅತ್ತೆ. ಕುರಿಗಾರ್ತಿ ನಾನು ಅತ್ತು ಮುಗಿಸುವವರೆಗೆ ಕಾದು, ಕೌದಿ ಮಡಚಿ ನನ್ನ ಮಡಿಲಲ್ಲಿಟ್ಟರು.

"ಇದನ್ನೆಲ್ಲ ಯಾರು ಕಲಿಸಿದರಕ್ಕಾ?" ಎಂದೆ.

"ಯಾರ್ ಕಲಸ್ತಾರ? ಕುರಿ ಹಿಂದ ನಡದ್ರ ಗಾಳಿ ಯಾವ್ದಂತ ನೋಡ್ಕಂತನ ನಡೀಬೇಕು." ಎದ್ದು ಮಂಡಿ ಒರೆಸಿಕೊಂಡು ರೊಟ್ಟಿ ಬಡಿಯಲು ಹೋದರು.

ಮೂರು ದಿನ ಬಿಟ್ಟು ಅವರ ಬಿಡಾರ ಎದ್ದಿತು. ಬಲೆ, ಪಾತ್ರೆ, ಕಂಬಳಿ ಮತ್ತು ತೀರಾ ಎಳೆಯ ಮರಿಗಳನ್ನು ಸಣ್ಣ ಗೂಡ್ಸ್ ಗಾಡಿಗೆ ಏರಿಸಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊರಡುವಾಗ ಆಕೆ ನಾಯಿಯ ಮುಂದೆ ಕೂತು ಅಂಗೈಯನ್ನು ಅದರ ಮೂಗಿಗೆ ಹಿಡಿದರು. ಅದು ನಿಧಾನವಾಗಿ, ಬೆರಳು ಬೆರಳನ್ನೂ ಬಿಡದೆ ಮೂಸಿತು. ನನಗೆ "ಬರ್ತೀನಿ ತಂಗಿ" ಎಂದಷ್ಟೇ ಹೇಳಿ ಗಾಡಿ ಹತ್ತಿದರು.

ಗಾಡಿ ಮೂಡಲಿಗೆ ಹೋಯಿತು, ಅದರ ಹಿಂದೆ ಮಂದೆ. ಭತ್ತದ ಗದ್ದೆಗಳಾಚೆ ಧೂಳು ಅಡಗಿತು, ಕುರಿಗಳ ಕೂಗು ನಿಂತಿತು. ನಾನು ವ್ಯಾನಿಗೆ ಹಿಂತಿರುಗಿ ಕೆಲಸ ಶುರುಮಾಡಬೇಕೆಂದು ಕೈ ಎತ್ತಿ ನಾಯಿಯನ್ನು ಕರೆದೆ. ಅದು ನನ್ನ ಕಡೆ ನೋಡಲೇ ಇಲ್ಲ. ಬದುವಿನ ಮೇಲೆ ಮೂಡಗಾಳಿಗೆ ಮುಖ ಮಾಡಿ ನಿಂತಿತ್ತು, ಮೂಗು ಸಣ್ಣಗೆ ಅಲುಗುತ್ತಿತ್ತು. ನನ್ನ ಕಣ್ಣು ಕಿವಿಗೆ ಅವರು ಹೋಗಿ ಆಗಿತ್ತು. ಅದರ ಮೂಗಿಗೆ ಇನ್ನೂ ಇದ್ದರು. ಕೈ ಇಳಿಸಿ ನಾನೂ ಹೋಗಿ ಅದರ ಪಕ್ಕದಲ್ಲಿ ನಿಂತುಕೊಂಡೆ.