ತಂಗಿಯ ಪುಡಿ

ಗುಬ್ಬಿಯ ನಮ್ಮ ಮನೆಯಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಒಂದು ಗಾಜಿನ ಬಾಟ್ಲಿ ಇರುತ್ತಿತ್ತು. ಅದರಲ್ಲಿದ್ದದ್ದು ಪಾಪು ಪುಡಿ. ಪಾಪು ಅಂದರೆ ನನ್ನ ತಂಗಿ. ಅವಳಿಗೆ ಎಂಟು ವರ್ಷ ತುಂಬಿದ ಮೇಲೂ ಅವಳು ಪಾಪುವೇ. ನಾನು ಹುಟ್ಟಿದಾಗಿನಿಂದಲೇ ದೊಡ್ಡವಳು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಹಾಗಲವಾಡಿ ಕಡೆ ತೆಂಗಿನ ತೋಟ, ರಾಗಿ ಹೊಲ ಇದ್ದರೂ ನಮ್ಮಿಬ್ಬರ ಓದಿಗೆ ಅಂತ ಅಪ್ಪ ಗುಬ್ಬಿಯಲ್ಲಿ ಬಾಡಿಗೆ ಮನೆ ಮಾಡಿದ್ದರು. ತಂಗಿಗೆ ಉಬ್ಬಸ. ಮೋಡ ಮುಚ್ಚಿದರೆ ಸಾಕು, ಅವಳ ಎದೆಯೊಳಗಿಂದ ಸುಂಯ್ ಅಂತ ಸದ್ದು ಶುರು. ತುಮಕೂರಿನ ಡಾಕ್ಟರು ಕೊಟ್ಟ ಮಾತ್ರೆ ನಡೆಯುತ್ತಲೇ ಇತ್ತು. ಅದರ ಜೊತೆಗೆ ಕುಣಿಗಲ್ಲಿನಲ್ಲಿದ್ದ ಅಮ್ಮನ ಸೋದರಮಾವ, ಸುತ್ತಲಿನವರು ಪಂಡಿತರು ಅಂತ ಕರೆಯುತ್ತಿದ್ದವರು, ಈ ಪುಡಿ ಹೇಳಿಕೊಟ್ಟಿದ್ದರು. ಒಣಶುಂಠಿ, ಮೆಣಸು, ಹಿಪ್ಪಲಿ, ಜೀರಿಗೆ, ಒಂದು ಚೂರು ಅರಿಶಿನದ ಕೊಂಬು. ಅಮ್ಮ ಹಿಪ್ಪಲಿಯನ್ನು ತುಪ್ಪದಲ್ಲಿ ಹುರಿದು, ಎಲ್ಲವನ್ನೂ ಕುಟ್ಟಾಣಿಯಲ್ಲಿ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದರು. ಹುರಿಯುವಾಗಿನ ಘಾಟಿಗೆ ಬೀದಿಯಲ್ಲಿ ಹೋಗುವವರೂ ಸೀನುತ್ತಿದ್ದರು.

ಪುಡಿ ಬರೀ ಔಷಧಿಯಾಗಿದ್ದಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ಅಮ್ಮ ಅದನ್ನು ಅಡುಗೆಯನ್ನಾಗಿ ಮಾಡಿಬಿಟ್ಟಿದ್ದರು. ನಮಗೆಲ್ಲ ಮುದ್ದೆ, ಸೊಪ್ಪು ಬೇಯಿಸಿದ ಉಪ್ಪೆಸರು. ಪಾಪುವಿಗೆ ಬೇರೆ ಒಂದು ಪುಟ್ಟ ಪಾತ್ರೆಯಲ್ಲಿ ತೊಗರಿಕಟ್ಟಿನ ಸಾರು, ಅದಕ್ಕೆ ಈ ಪುಡಿ, ಮೇಲೆ ತುಪ್ಪದ ಒಗ್ಗರಣೆ. ಮೆತ್ತಗಿನ ಅನ್ನಕ್ಕೆ ಅದನ್ನು ಕಲಸಿ, ಬಾಯಿಂದ ಊದಿ ಊದಿ ಆರಿಸಿ, ಅಮ್ಮ ತಾವೇ ತುತ್ತು ಕೊಡುತ್ತಿದ್ದರು. ಅವಳು ಮುಖ ತಿರುಗಿಸಿದರೆ ರಮಿಸುತ್ತಿದ್ದರು. ನಾನು ಎದುರಿಗೆ ಕೂತು ಮುದ್ದೆ ನುಂಗುತ್ತಿದ್ದೆ. ಆ ತುಪ್ಪದ ವಾಸನೆ ನನ್ನ ತಟ್ಟೆ ದಾಟಿಕೊಂಡು ಹೋಗುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಅಮ್ಮ, ನಂಗೂ ಆ ಸಾರು ಹಾಕು."

"ಅದು ನಿನ್ನ ಮೈಗೆ ಸೇರಲ್ಲ ಕಣೇ. ನಿಂದು ಪಿತ್ತದ ಮೈ, ಉಷ್ಣ ಆಗುತ್ತೆ. ನೀನು ಗುಂಡುಕಲ್ಲಿನ ಹಂಗಿದೀಯ, ನಿನಗ್ಯಾಕೆ?"

ಗುಂಡುಕಲ್ಲು ಅಂದದ್ದು ಅಮ್ಮನಿಗೆ ಹೆಮ್ಮೆಯ ಮಾತು. ನನಗೆ ಬೈಗುಳದ ಹಾಗೆ ಕೇಳಿಸಿತು.

ಬೆಳ್ಳಾವಿಯಲ್ಲಿ ಯಾರದೋ ಮದುವೆಗೆ ಅಪ್ಪ ಅಮ್ಮ ಹೋದ ದಿನ ನಾನೇ ಒಲೆ ಹಚ್ಚಿದೆ. ಬೇಳೆಕಟ್ಟು ಇತ್ತು. ಅಮ್ಮ ಒಂದು ಚಿಟಿಕೆ ಹಾಕುತ್ತಿದ್ದ ಕಡೆ ನಾನು ಎರಡು ಚಮಚ ಹಾಕಿದೆ. ಇಷ್ಟು ವರ್ಷದ ಬಾಕಿಯನ್ನೆಲ್ಲ ಒಂದೇ ಊಟದಲ್ಲಿ ತೀರಿಸಿಕೊಳ್ಳುವ ಹಟ. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯುತ್ತಿದ್ದರೂ ಪಾತ್ರೆ ಬಳಿದು ಉಂಡೆ. ಸಂಜೆಯ ಹೊತ್ತಿಗೆ ಹೊಟ್ಟೆ ಧಗಧಗ, ಮಾರನೆಯ ದಿನ ಬಾಯಿ ತುಂಬ ಹುಣ್ಣು. ತಂಗಿ ಬಾಗಿಲಲ್ಲೇ ಅಮ್ಮನಿಗೆ ವರದಿ ಒಪ್ಪಿಸಿದಳು. "ಅಮ್ಮಾ, ಅಕ್ಕ ನನ್ನ ಪುಡಿ ತಿಂದ್ಲು!"

ಅಮ್ಮ ನಕ್ಕುಬಿಟ್ಟರು. ನನಗೆ ಹುಣ್ಣಿಗಿಂತ ಹೆಚ್ಚು ಉರಿದದ್ದು ಆ 'ನನ್ನ ಪುಡಿ' ಅನ್ನುವ ಮಾತು.

ಬೆಳೆಯುತ್ತ ಇದೆಲ್ಲ ಮರೆತುಹೋಗುತ್ತದೆ ಅಂದುಕೊಂಡಿದ್ದೆ. ಮರೆಯಲಿಲ್ಲ. ಮದುವೆಯಾಗಿ ನಾನು ತುಮಕೂರಿನ ಬಟವಾಡಿಗೆ ಬಂದೆ, ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ತಂಗಿಯನ್ನು ಕುಣಿಗಲ್ಲಿಗೇ ಕೊಟ್ಟರು. ಅವಳ ಉಬ್ಬಸ ಅಷ್ಟರಲ್ಲಿ ಹೆಚ್ಚುಕಡಿಮೆ ನಿಂತೇಹೋಗಿತ್ತು. ಅಮ್ಮನಿಂದ ಪುಡಿಗಳ ವಿದ್ಯೆ ಪೂರ್ತಿ ಕಲಿತಿದ್ದಳು. ಅಜೀರ್ಣಕ್ಕೆ ಓಮ, ಇಂಗು, ಸೈಂಧವ ಲವಣದ್ದೊಂದು, ನೆಗಡಿಗೆ ಇನ್ನೊಂದು, ಬಾಣಂತಿಯರಿಗೆ ಮತ್ತೊಂದು. ಅಕ್ಕಪಕ್ಕದವರು ಬಟ್ಟಲು ಹಿಡಿದುಕೊಂಡು ಬರುತ್ತಿದ್ದರು.

ಗ್ಯಾಸ್ ಗ್ಯಾಸ್ ಅಂತ ಸದಾ ಹೊಟ್ಟೆ ಸವರಿಕೊಳ್ಳುತ್ತಿದ್ದ ನನ್ನ ಯಜಮಾನರು ಒಮ್ಮೆ ಕುಣಿಗಲ್ಲಿಗೆ ಹೋಗಿಬಂದವರು, ಚಪ್ಪಲಿ ಬಿಡುವ ಮೊದಲೇ ಹೇಳಿದರು. "ನಿನ್ನ ತಂಗಿ ಮನೇಲಿ ಎಷ್ಟು ಉಂಡ್ರೂ ಹೊಟ್ಟೆ ಹಗೂರ ಕಣೇ. ಅದೇನು ಹಾಕ್ತಾಳೋ, ಸ್ವಲ್ಪ ಕೇಳ್ಕೊಬಾರ್ದಾ?"

"ಅಲ್ಲೇ ಇದ್ದುಬಿಡಿ ಹಂಗಾದ್ರೆ," ಅಂದೆ. ಅವತ್ತು ಸಾರಿಗೆ ಖಾರ ಜಾಸ್ತಿಯಾಯಿತು. ಬೇಕಂತಲೇ.

ಅಮ್ಮ ಗುಬ್ಬಿಯಿಂದ ತಂಗಿಯ ಮನೆಗೆ ಹೋಗುವಾಗ ನಮ್ಮದು ದಾರಿಯಲ್ಲಿ ಸಿಗುವ ಊರು, ಅಷ್ಟೇ. ಒಂದು ಕಾಫಿ ಕುಡಿದು, ಒಂದು ಮಧ್ಯಾಹ್ನ ಮಲಗೆದ್ದು, ಕುಣಿಗಲ್ ಬಸ್ಸು ಹತ್ತುತ್ತಿದ್ದರು. ಅವರ ಬ್ಯಾಗಿನಲ್ಲಿ ತಂಗಿಯ ಮಕ್ಕಳಿಗೆ ಅಂತ ಕಟ್ಟಿದ ಪೊಟ್ಟಣಗಳು. ನನಗೆ ತೆಂಗಿನಕಾಯಿ.

ಎರಡು ಸಾವಿರದ ಹತ್ತರ ಆಚೆಗಿನ ಒಂದು ಬೇಸಿಗೆ ರಜೆಯಲ್ಲಿ ಅಮ್ಮನನ್ನು ತಡೆದು ಕೂರಿಸಿದೆ. "ಈ ಸಲ ನನಗೆ ಕಲಿಸಿಯೇ ಹೋಗ್ಬೇಕು."

ಅಮ್ಮನಿಗೆ ಆಶ್ಚರ್ಯ. "ನಿನಗೆ ಕಲಿಸ್ಬೇಕು ಅಂತ ನನಗೆ ಹೊಳೀಲೇ ಇಲ್ವಲ್ಲೇ. ನೀನು ಯಾವತ್ತು ಹುಷಾರು ತಪ್ಪಿದ್ದೆ?"

"ಹುಷಾರಾಗಿದ್ದದ್ದೇ ನನ್ನ ತಪ್ಪಾ?"

ಮಾತು ಜೋರಾಗಿಯೇ ಬಂತು. ಬಾಣಲೆಯಲ್ಲಿ ಕೊತ್ತಂಬರಿ ಬೀಜ ಚಟಪಟ ಅನ್ನುತ್ತಿತ್ತು. ಅಮ್ಮ ಉರಿ ಸಣ್ಣಗೆ ಮಾಡಿದರು. ಕೈಯಾಡಿಸುತ್ತಲೇ, ನನ್ನ ಕಡೆ ನೋಡದೆ ಹೇಳಿದರು.

"ಅವಳು ಉಸಿರು ಎಳೀತಿದ್ರೆ ನನ್ನ ಕೈಕಾಲು ತಣ್ಣಗಾಗೋದು. ಆಗ ನಿನ್ನ ನೋಡ್ತಿದ್ದೆ. ನೀನು ಗಬಗಬ ಮುದ್ದೆ ನುಂಗ್ತಿದ್ದೆ. ಒಂದಾದ್ರೂ ನನಗೆ ಉಳಿಯುತ್ತೆ ಅನ್ನೋ ಧೈರ್ಯ ಬರೋದು. ನಿನ್ನನ್ನ ನೋಡ್ಕೊಂಡೇ ನಾನು ಅವಳಿಗೆ ತುತ್ತು ಕೊಡ್ತಿದ್ದದ್ದು."

ಖುಷಿಪಡಬೇಕೋ ಅಳಬೇಕೋ ಗೊತ್ತಾಗದೆ ಸೋಂಪಿನ ಡಬ್ಬಿಯ ಮುಚ್ಚಳ ತೆಗೆದೆ, ಹಾಕಿದೆ. ಅಮ್ಮ ಕೈ ಚಾಚಿ ಅದನ್ನು ಇಸಿದುಕೊಂಡರು.

ಆವತ್ತು ಅವರು ಮಾಡಿದ್ದು ಪಾಪು ಪುಡಿಯಲ್ಲ. ಕೊತ್ತಂಬರಿ, ಜೀರಿಗೆ, ಸೋಂಪು, ಒಣಗಿದ ನೆಲ್ಲಿಕಾಯಿ, ಸ್ವಲ್ಪ ಲಾವಂಚದ ಬೇರು. ಮಜ್ಜಿಗೆಗೆ, ತಂಬುಳಿಗೆ, ತಿಳಿಸಾರಿಗೆ ಹಾಕುವ ತಂಪಿನ ಪುಡಿ. "ಇದು ನಿನ್ನ ಮೈಗೂ ಅಳಿಯಂದಿರ ಮೈಗೂ ಆಗುತ್ತೆ. ಜಾಸ್ತಿ ಹುರೀಬೇಡ, ಬಿಸಿಯಾದ್ರೆ ಸಾಕು," ಅಂದರು. ಯಜಮಾನರು ಆ ವಾರವೆಲ್ಲ ಹೊಟ್ಟೆ ಸವರಿಕೊಳ್ಳುವುದನ್ನು ಮರೆತಿದ್ದರು. ನಾನು ಗಮನಿಸಿದೆ.

ಆ ವಾರ ಮುಗಿಯುವ ಮೊದಲೇ ತಂಗಿಯ ಫೋನು. ಮಗನಿಗೆ ಎದೆ ಕಟ್ಟಿದೆ, ಡಾಕ್ಟರಿಗೆ ತೋರಿಸಿ ಬಂದಿದ್ದಾಳೆ, ಅಮ್ಮ ಬೇಕು. ಅಮ್ಮ ಆಗಲೇ ಸೀರೆ ಮಡಚುತ್ತಿದ್ದರು. ನನ್ನೊಳಗೆ ಅದೇ ಹಳೆಯ ಉರಿ ಎದ್ದಿತು. ಇನ್ನೂ ಎರಡು ದಿನ ಇರ್ತೀನಿ ಅಂದಿದ್ದರಲ್ಲ!

"ನಾನೂ ಬರ್ತೀನಿ," ಅಂದೆ.

ಕುಣಿಗಲ್ಲಿನಲ್ಲಿ ಬಾಗಿಲು ತೆರೆದ ತಂಗಿಯ ಕೂದಲು ಕೆದರಿತ್ತು, ಕಣ್ಣು ಕೆಂಪಗಿದ್ದವು. ಅಮ್ಮ ನೇರ ಮೊಮ್ಮಗನ ಹತ್ತಿರ ಹೋದರು. ಒಲೆಯ ಮೇಲೆ ಅದೇ ಪುಟ್ಟ ಪಾತ್ರೆಯ ಸಾರು ಕುದಿಯುತ್ತಿತ್ತು, ಮಗುವಿಗೆ ಮಾತ್ರ. ಉಳಿದವರಿಗೆ ಅಡುಗೆಯೇ ಆಗಿರಲಿಲ್ಲ.

"ನೀನು ಬೆಳಿಗ್ಗೆ ಏನು ತಿಂದೆ?" ಅಂದೆ.

"ಯಾರು ಮಾಡಿಹಾಕ್ತಾರೆ ಅಕ್ಕ? ಎಲ್ಲರೂ ನನ್ನ ಕೈ ಹೊಗಳ್ತಾರೆ, ಅಷ್ಟೇ."

ನಾನು ಎಸರಿಟ್ಟೆ. ಸೊಪ್ಪು ಸೋಸಿ, ಉಪ್ಪೆಸರು ಮಾಡಿ, ಮುದ್ದೆ ತೊಳಸಿ ಅವಳ ಮುಂದಿಟ್ಟೆ. ಯಾವ ಪುಡಿಯೂ ಇಲ್ಲದ ಊಟ. ಅವಳು ಉಂಡು, ಇನ್ನೊಂದು ಅರ್ಧ ಮುದ್ದೆ ಕೇಳಿ ಹಾಕಿಸಿಕೊಂಡಳು. ಒಳಕೋಣೆಯಿಂದ ಅಮ್ಮ ಅವಳನ್ನು ಕೂಗಿದರು, "ಪಾಪೂ, ಸಾರು ತಾರೇ." ನನ್ನನ್ನು ಕೂಗಲಿಲ್ಲ. ಚುರುಕ್ ಅಂತು. ಆದರೂ ಅವಳ ಭುಜ ಒತ್ತಿ, "ನೀನು ಉಣ್ಣು," ಅಂತ ಹೇಳಿ, ಬಟ್ಟಲಿಗೆ ಸಾರು ಬಗ್ಗಿಸಿಕೊಂಡು ನಾನೇ ಒಳಗೆ ಹೋದೆ.