ಅಮರಮ್ಮ ನನಗೆ ಹೇಳಿಯೇ ಹೋಗಿದ್ದಳು

ಅಮರಮ್ಮ ತನ್ನ ಮಗನನ್ನು ನನಗೆ ಒಪ್ಪಿಸಿ ಹೋಗಿದ್ದಳು. ನಾನು ಹ್ಞೂಂ ಅಂದಿದ್ದೆ. ಆಮೇಲೆ ಅವಳ ಗಂಡನ ಎದುರು, ಅವಳು ಹೇಳಿಯೇ ಇರಲಿಲ್ಲ ಎಂದೆ. ಆರು ವರ್ಷ ಈ ಸುಳ್ಳನ್ನು ನುಂಗಿಕೊಂಡು ಬದುಕಿದೆ.

ನಮ್ಮದು ಸಿಂಧನೂರು. ನಾನು ಶಿಕ್ಷಕಿ. ಆಗ ಐದು ವರ್ಷದವಳಾಗಿದ್ದ ಮಗಳು ಸ್ಫೂರ್ತಿಯೊಂದಿಗೆ ನಾನೂ ನನ್ನ ಗಂಡನೂ ಮಲೇಷ್ಯಾಕ್ಕೆ ಹೋಗಿದ್ದೆವು. ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಕೂತಾಗ ಬೆನ್ನ ಹಿಂದಿನಿಂದ ಕೇಳಿಸಿತು: "ಶೇಂಗಾ ಚಟ್ನಿ ಹಚ್ಕೋ, ಬ್ರೆಡ್ ಹಂಗ ಇಳಿಯಂಗಿಲ್ಲ."

ತಿರುಗಿದೆ. ಇಳಕಲ್ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದ್ದ ಹೆಂಗಸು, ಪಕ್ಕದಲ್ಲಿ ಆರು ವರ್ಷದ ಮಗ ವೀರೂ.

"ಯಾವೂರ್ರೀ ನಿಮ್ದು?" ಎಂದೆ.

"ಮಸ್ಕಿ ರೀ. ನೀವು?"

ಸಿಂಧನೂರು ಅಂದದ್ದೇ ತಡ, ಜೋರಾಗಿ ನಕ್ಕಳು. "ಅಯ್ಯ! ಮಗ್ಗಲ ಊರಾಗಿದ್ದು ಇಲ್ಲಿಗೆ ಬಂದು ಭೇಟಿ ಆದ್ವಲ್ರೀ ಅಕ್ಕಾರ!"

ಗಂಡ ಬಸವರಾಜನ ಜೊತೆ ಮಸ್ಕಿಯಲ್ಲಿ ಖಾನಾವಳಿ ನಡೆಸುವವಳು ಅಮರಮ್ಮ. ಅತ್ತೆಯನ್ನೂ ಕರೆತಂದಿದ್ದಳು. ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಎರಡೇ ದಿನದಲ್ಲಿ ಆ ಹೋಟೆಲಿನ ಮಕ್ಕಳೊಂದಿಗರೆಲ್ಲ ಅವಳ ಗೆಳೆಯರು. ಈಜುಕೊಳದ ಬಳಿ ಅಳುತ್ತಿದ್ದ ಇಂಡೋನೇಷ್ಯಾದ ಮಗುವಿನ ಕೈಗೆ ಶೇಂಗಾ ಉಂಡೆ ಇಟ್ಟಳು. ಸಂಜೆಗೆ ಆ ಮಗುವಿನ ತಾಯಿ ಇವಳ ಅತ್ತೆಯ ಕಾಲು ಒತ್ತುತ್ತಿದ್ದಳು. "ಮಾತು ಬರಬೇಕಂತೇನಿಲ್ರಿ. ಮಕ್ಕಳ ಹೆಸರು ಕೇಳಿದ್ರ ಯಾವ ತಾಯಿನೂ ನಗ್ತಾಳ" ಎನ್ನುವಳು. ನಾನೋ — ಎಂ.ಎ. ಓದಿದವಳು — ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಫೋನು ನೋಡುತ್ತಿದ್ದೆ. ಅವಳನ್ನು ಮೆಚ್ಚಿಕೊಂಡೆ. ಇಂದಿಗೂ ಅಂಥ ಇನ್ನೊಬ್ಬಳನ್ನು ಕಂಡಿಲ್ಲ.

ಮೂರನೆಯ ದಿನ ಎಲ್ಲರೂ ಕೂಡಿ ಮೀನಿನ ಪ್ರದರ್ಶನಾಲಯಕ್ಕೆ ಹೋದೆವು. ಗಂಡಸರು ಟಿಕೆಟ್ ಸಾಲಿನಲ್ಲಿದ್ದರು. "ಅಕ್ಕಾರ, ಅತ್ತೀನ ಬಾತ್‌ರೂಮಿಗೆ ಕರ್ಕೊಂಡು ಹೋಗಿ ಬರ್ತೀನಿ. ವೀರೂನ ಮ್ಯಾಲ ಒಂಚೂರು ನಿಗಾ ಇರ್ಲಿ" ಎಂದಳು ಅಮರಮ್ಮ. ಹ್ಞೂಂ ಅಂದೆ. ತಂಗಿಗೆ ವಿಡಿಯೋ ಕಾಲ್ ಮಾಡಿ ಅಲ್ಲಿನ ವೈಭವ ತೋರಿಸುತ್ತಿದ್ದೆ — ತೋರಿಸುತ್ತಲೇ ಇದ್ದೆ. ತಲೆ ಎತ್ತಿದಾಗ ಸ್ಫೂರ್ತಿ ಇದ್ದಳು. ವೀರೂ ಇರಲಿಲ್ಲ.

ಮುಕ್ಕಾಲು ತಾಸು ಹುಡುಕಿದೆವು. ಆ ಇಂಡೋನೇಷ್ಯಾದ ತಾಯಿಯೇ, ತನ್ನ ಮಕ್ಕಳೊಂದಿಗೆ ಅಲ್ಲಿಗೆ ಬಂದಿದ್ದವಳು, ಅಳುತ್ತಿದ್ದ ವೀರೂನನ್ನು ಗುರುತಿಸಿ ಎತ್ತಿಕೊಂಡು ಬಂದಳು. ಅಮರಮ್ಮ ಮಾಡಿಕೊಂಡ ಗೆಳೆತನವೇ ಅವಳ ಮಗನನ್ನು ಕಾಯಿತು. ನಾನಲ್ಲ.

ಬಸವರಾಜ ಹೆಂಡತಿಯನ್ನು ಕೇಳಿದ: "ಯಾರ ಕೈಯಾಗ ಬಿಟ್ಟು ಹೋಗಿದ್ದಿ?"

ಅವಳು ನನ್ನತ್ತ ನೋಡಿದಳು. ನನ್ನ ಗಂಡನೂ ನೋಡಿದರು.

"ನನಗೇನೂ ಹೇಳಿದ್ದಿಲ್ಲ" ಎಂದೆ.

ಅಷ್ಟು ಜನರ ನಡುವೆ ಅವನು ಅವಳನ್ನು ಬೈದ. ನನ್ನ ಸುಳ್ಳನ್ನು ಅವಳು ಬಯಲು ಮಾಡಬಹುದಿತ್ತು. ಹಣೆ ಒತ್ತಿಕೊಂಡು, "ಹೇಳೀನಿ ಅನ್ಕೊಂಡಿದ್ದೆ... ಗದ್ದಲದಾಗ ಮರ್ತಿರಬೇಕು" ಎಂದಳು. ನನ್ನ ಮರ್ಯಾದೆ ಉಳಿಸಲು ಹಾಗೆಂದಳು ಎಂದುಕೊಂಡೆ. ಮಧ್ಯಾಹ್ನ ಸ್ಫೂರ್ತಿಗೆ ತನ್ನ ಕೈಯಾರೆ, ಊರಿಂದ ತಂದಿದ್ದ ರೊಟ್ಟಿ ಮುರಿದು ತಿನ್ನಿಸಿದಳು — ನಾನು ನೋಡುತ್ತ ಕೂತಿದ್ದೆ.

ಊರಿಗೆ ಬಂದ ಮೇಲೂ ಅವಳು ಗೆಳೆತನ ಬಿಡಲಿಲ್ಲ. ಈ ವರ್ಷ, ಎರಡೂ ಮನೆಯವರು ಮಕ್ಕಳೊಂದಿಗೆ ಶ್ರೀಲಂಕಾಕ್ಕೆ ಹೋಗೋಣ ಎಂದೆ. ಫೋನಿನಲ್ಲಿ ಅಂದಳು: "ನಾ ಒಲ್ಲೆ ಅಕ್ಕಾರ. ನಂದು ಮರವಿನ ತಲಿ. ಪರದೇಶದಾಗ ಮಗನ್ನ ಕಳಕೊಂಡಾಕಿ ನಾ."

ಆಗ ತಿಳಿಯಿತು — ಅವಳು ನನ್ನನ್ನು ಕಾಪಾಡಿರಲಿಲ್ಲ. ನನ್ನ ಮಾತನ್ನು ನಂಬಿದ್ದಳು. ತನ್ನನ್ನೇ ಅನುಮಾನಿಸಿಕೊಂಡು ಆರು ವರ್ಷ...

ಕಳೆದ ಭಾನುವಾರ, ನಡೆದದ್ದನ್ನೆಲ್ಲ ಮೊದಲು ನನ್ನ ಗಂಡನಿಗೆ ಹೇಳಿ, ಮಸ್ಕಿಗೆ ಹೋದೆ. ಬಸವರಾಜನನ್ನೂ ಕೂರಿಸಿ ಎಲ್ಲವನ್ನೂ ಹೇಳಿದೆ. ಅಮರಮ್ಮ ಬೈದರೆ ಕೇಳಲು ಸಿದ್ಧಳಾಗಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಗಂಡನತ್ತ ತಿರುಗಿದಳು.

"ಕೇಳಿದ್ರಿಲ್ಲೋ? ನಾ ಹೇಳಿ ಹೋಗಿದ್ದೆ. ನಾ ಮರ್ತಿದ್ದಿಲ್ಲ."

ಬಸವರಾಜ ತಲೆ ತಗ್ಗಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅದನ್ನೇ ಇನ್ನೊಮ್ಮೆ ಹೇಳಿದಳು, ತನಗೇ ಎಂಬಂತೆ. ಕ್ಷಮೆಯ ಮಾತು ನನ್ನ ಬಾಯಿಗೆ ಬಂದಿತ್ತು. ಕೇಳಲಿಲ್ಲ. ಅವಳಿಂದ ಮತ್ತೂ ಏನನ್ನಾದರೂ ಪಡೆದುಕೊಳ್ಳುವ ಹಕ್ಕು ನನಗಿರಲಿಲ್ಲ.